ಕಾರಂತರಲ್ಲಿ ಅರ್ಧವನ್ನಷ್ಟೇ ಉಳಿಸಿಕೊಂಡೆವೇ?



ಕೋಟ ಶಿವರಾಮ ಕಾರಂತರನ್ನು ‘ನಡೆದಾಡುವ ವಿಶ್ವಕೋಶ’ ಎಂದು ಕರೆಯುವುದು ನಮ್ಮಲ್ಲಿ ರೂಢಿ. ಶಾಲೆಯ ಭಾಷಣಸ್ಪರ್ಧೆಗಳಲ್ಲಿ ಈ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ನಿಮ್ಮಲ್ಲೇ ಅನೇಕರು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಒಂದೇ ಉಸಿರಿನಲ್ಲಿ ಅದನ್ನು ಒಪ್ಪಿಸಿದ್ದೀರಿ. ಹೊಗಳಿಕೆಯಾಗಿ ಹುಟ್ಟಿದ ಈ ಮಾತು ಈಚೆಗೆ ನನಗೆ ಒಂದು ಬಗೆಯ ನುಣುಚಿಕೆಯಂತೆ ಕೇಳಿಸತೊಡಗಿದೆ. ಒಬ್ಬ ಮನುಷ್ಯನನ್ನು ಪವಾಡವೆಂದು ಕರೆದು ಕೈಮುಗಿದುಬಿಟ್ಟರೆ ಅವನು ಹಿಡಿದ ಕೆಲಸವನ್ನು ಮುಂದುವರಿಸುವ ಹೊಣೆ ಯಾರ ಹೆಗಲಿಗೂ ಏರುವುದಿಲ್ಲ. ಕಾರಂತರ ವಿಷಯದಲ್ಲಿ ನಮ್ಮಿಂದ ಆಗಿರುವುದು ಇದೇ ಎಂದು ನನ್ನ ಭಾವನೆ. ಅದನ್ನು ಕುರಿತು ನಾಲ್ಕು ಮಾತು ಬರೆಯುತ್ತೇನೆ.

ಮೊದಲು ಆ ಹೆಸರಿನ ಅಡಿಯಲ್ಲಿ ಏನೇನು ಪ್ರಕಟವಾಯಿತು ಎಂಬುದನ್ನು ನೆನಪಿಸಿಕೊಳ್ಳೋಣ. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿ, 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡ ಈ ಹಿರಿಯರು ಬರೆದ ಕಾದಂಬರಿಗಳೇ ನಲವತ್ತನ್ನು ಮೀರುತ್ತವೆ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ‘ಅಳಿದ ಮೇಲೆ’, ‘ಮೂಕಜ್ಜಿಯ ಕನಸುಗಳು’ ಇವನ್ನು ನೀವೆಲ್ಲ ಬಲ್ಲಿರಿ. ಇವುಗಳಾಚೆಗೆ ನಾಟಕ, ಗೀತನಾಟಕ, ಹರಟೆ, ಪ್ರವಾಸಕಥನ, ಆತ್ಮಕಥೆ, ಅನುವಾದ, ನಿಘಂಟು ಇವೆ. ಯಕ್ಷಗಾನದ ಮೇಲೆ, ಚಿತ್ರಕಲೆಯ ಮೇಲೆ, ಚಾಲುಕ್ಯರ ಶಿಲ್ಪದ ಮೇಲೆ ಗ್ರಂಥಗಳಿವೆ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವಿದೆ, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವಿದೆ. ಸಣ್ಣಪುಟ್ಟ ಪುಸ್ತಕಗಳನ್ನೂ ಸೇರಿಸಿ ಎಣಿಸಿದವರು ಒಟ್ಟು ನಾನೂರಕ್ಕೂ ಹೆಚ್ಚು ಎನ್ನುತ್ತಾರೆ. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ನಡುವೆಯೇ ಬಿಟ್ಟ, ಪದವಿಯಿಲ್ಲದ ಒಬ್ಬ ವ್ಯಕ್ತಿಯ ಕೆಲಸವಿದು. ಅವರ ಹೆಸರಿನ ಹಿಂದಿನ ‘ಡಾಕ್ಟರ್’ ವಿಶ್ವವಿದ್ಯಾಲಯಗಳು ಅನಂತರ ಗೌರವಾರ್ಥವಾಗಿ ಕೊಟ್ಟದ್ದು.

ಇಂತಹ ಲೇಖಕನನ್ನು ಗ್ರಂಥಾಲಯದ ಕಪಾಟು ಹೇಗೆ ಇಟ್ಟುಕೊಳ್ಳುತ್ತದೆ ಎಂಬುದನ್ನು ಗಮನಿಸಿದ್ದೀರಾ? 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ರೂಪಿಸಿದ ದಶಮಾಂಶ ವರ್ಗೀಕರಣ ಪದ್ಧತಿಯಲ್ಲಿ ವಿಜ್ಞಾನಕ್ಕೆ 500, ಕಲೆಗೆ 700, ಸಾಹಿತ್ಯಕ್ಕೆ 800, ಇತಿಹಾಸ ಪ್ರವಾಸಗಳಿಗೆ 900 ಎಂದು ಸಂಖ್ಯೆಗಳಿವೆ. ವಿಷಯ ಹುಡುಕುವವರಿಗೆ ಇದು ಅನುಕೂಲವೇ ಸರಿ. ಆದರೆ ಕಾರಂತರಂಥವರು ಈ ವ್ಯವಸ್ಥೆಯಲ್ಲಿ ಚದುರಿಹೋಗುತ್ತಾರೆ. 800ರ ಕಪಾಟಿನ ಮುಂದೆ ನಿಂತ ಓದುಗನಿಗೆ 500ರ ಕಪಾಟಿನಲ್ಲಿಯೂ ಅದೇ ಕಾರಂತರು ಇದ್ದಾರೆಂದು ಹೇಳುವವರು ಯಾರು? ಕಾಲಕ್ರಮದಲ್ಲಿ ಕಾದಂಬರಿಗಳು ಪಠ್ಯಪುಸ್ತಕಕ್ಕೆ ಬಂದವು, ಚಲನಚಿತ್ರಗಳಾದವು. 1975ರಲ್ಲಿ ಬಿ. ವಿ. ಕಾರಂತರ ‘ಚೋಮನ ದುಡಿ’, 2011ರಲ್ಲಿ ಪಿ. ಶೇಷಾದ್ರಿಯವರ ‘ಬೆಟ್ಟದ ಜೀವ’, 2019ರಲ್ಲಿ ‘ಮೂಕಜ್ಜಿಯ ಕನಸುಗಳು’ ತೆರೆಗೆ ಬಂದವು. ಅದು ಸಂತೋಷದ ಸಂಗತಿ. ಉಳಿದ ಪುಸ್ತಕಗಳು ಮಾತ್ರ ಭಾಷಣಕಾರನ ಪಟ್ಟಿಯಲ್ಲಿ ಸಂಖ್ಯೆಯಾಗಿ ನಿಂತವು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ‘ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು’ ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ಎಲ್ಲದರಲ್ಲಿಯೂ ಕೈಯಾಡಿಸುವವನ ಜ್ಞಾನ ತೆಳುವಾಗಿರುತ್ತದೆ. ಕಾರಂತರು ಕಾದಂಬರಿಗಳಿಗಷ್ಟೇ ಸಮಯ ಕೊಟ್ಟಿದ್ದರೆ ಇನ್ನೂ ಹೆಚ್ಚಿನದನ್ನು ಸಾಧಿಸುತ್ತಿದ್ದರು. ಮಿಕ್ಕದ್ದೆಲ್ಲ ಹವ್ಯಾಸ, ಹೊಟ್ಟೆಪಾಡು ಅಥವಾ ಹಠ. ಹೀಗೆಂದು ವಾದಿಸಿದ ಸಹೋದ್ಯೋಗಿಗಳೊಡನೆ ಅಧ್ಯಾಪಕರ ಕೊಠಡಿಯಲ್ಲಿ ನಾನು ಅನೇಕ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಹುವಿಷಯಗಳನ್ನು ಬರೆದು ಒಂದರಲ್ಲೂ ನಿಲ್ಲದೆ ಹೋದ ಲೇಖಕರ ಸಂಖ್ಯೆ ಯಾವ ಭಾಷೆಯಲ್ಲಿಯೂ ಕಡಿಮೆಯಿಲ್ಲ.

ಆದರೆ ಕಾರಂತರ ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಈ ಆಕ್ಷೇಪ ಸಡಿಲವಾಗುತ್ತದೆ. ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರುಗಳ ಬದುಕಿಗೆ ಕಡಲು ಬರಿಯ ಹಿನ್ನೆಲೆಯಾಗಿಲ್ಲ, ಅದು ಗದ್ದೆಯನ್ನು ನುಂಗುವ, ಉಪ್ಪುನೀರು ಕೊಡುವ, ಕಿವಿಯಲ್ಲಿ ಸದಾ ಮೊರೆಯುವ ಒಂದು ಪಾತ್ರ. ಅಮೆರಿಕದ ರೇಚೆಲ್ ಕಾರ್ಸನ್ 1951ರಲ್ಲಿ ಸಮುದ್ರವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವನ್ನು ‘ನಮ್ಮ ಸುತ್ತಲಿನ ಕಡಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದವರೂ ಇದೇ ಕಾರಂತರು. ಕಡಲನ್ನು ದಡದಿಂದ ಕಂಡ ಕಾದಂಬರಿಕಾರನಿಗೆ ಅದರ ಆಳದಲ್ಲಿ ಏನಿದೆ, ಉಬ್ಬರವಿಳಿತ ಏಕಾಗುತ್ತದೆ ಎಂದು ತಿಳಿಯುವ ಆಸೆಯಾಯಿತು. ತಿಳಿದದ್ದನ್ನು ತನ್ನ ಊರಿನ ಮೀನುಗಾರನ ಮಗನಿಗೂ ಹೇಳಬೇಕೆನಿಸಿತು. ನಾನು ಇದನ್ನು ಅರ್ಥಮಾಡಿಕೊಂಡಿರುವುದು ಹಾಗೆ.

‘ಮೂಕಜ್ಜಿಯ ಕನಸುಗಳು’ ಕೂಡ ಹೀಗೆಯೇ. 1968ರಲ್ಲಿ ಪ್ರಕಟವಾದ, 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಈ ಕಾದಂಬರಿಯಲ್ಲಿ ಅಜ್ಜಿಯೊಬ್ಬಳು ದೇವರ ಕಲ್ಪನೆ ಹೇಗೆ ಹುಟ್ಟಿತು, ಹೇಗೆ ಬದಲಾಯಿತು ಎಂಬುದನ್ನು ಕಂಡಂತೆ ಹೇಳುತ್ತಾಳೆ. ಹಳೆಯ ಮೂರ್ತಿಗಳನ್ನು, ಗುಡಿಗಳನ್ನು, ಆಚರಣೆಗಳನ್ನು ವರ್ಷಗಟ್ಟಲೆ ಕಣ್ಣಾರೆ ನೋಡಿ ಬರೆದಿಟ್ಟ ಲೇಖಕನಿಗಲ್ಲದೆ ಅಂತಹ ಅಜ್ಜಿ ಇನ್ನಾರಿಗೆ ಹುಟ್ಟಿಯಾಳು? ಶಿಲ್ಪದ ಪುಸ್ತಕವಿಲ್ಲದೆ ಮೂಕಜ್ಜಿ ಇಲ್ಲ ಎಂದರೆ ಅತಿಶಯೋಕ್ತಿಯಾಗದು. ಇನ್ನು ಕೇಂದ್ರ ಸಾಹಿತ್ಯ ಅಕಾಡೆಮಿ 1959ರಲ್ಲಿ ಕಾರಂತರಿಗೆ ಪ್ರಶಸ್ತಿ ಕೊಟ್ಟದ್ದು ‘ಯಕ್ಷಗಾನ ಬಯಲಾಟ’ ಎಂಬ ಅಧ್ಯಯನಕ್ಕೆ. ಆ ಹೊತ್ತಿಗೆ ‘ಚೋಮನ ದುಡಿ’ ಬಂದು ಇಪ್ಪತ್ತೈದು ವರ್ಷ ದಾಟಿತ್ತು. ಹವ್ಯಾಸವೆಂದು ನಾವು ಬದಿಗಿಡುವ ಗ್ರಂಥವನ್ನು ಅಂದಿನ ವಿದ್ವಾಂಸರು ಮುಖ್ಯವೆಂದೇ ಬಗೆದಿದ್ದರು.

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನಾವು ಎರಡು ಬೇರೆ ದಾರಿಗಳೆಂಬಂತೆ ಮಕ್ಕಳಿಗೆ ಕಲಿಸುತ್ತೇವೆ. ಕಾರಂತರಲ್ಲಿ ಅವೆರಡೂ ಒಂದೇ ದಾರಿ. ಸುತ್ತಿದ್ದು ಓದಿಗೆ ಪ್ರಶ್ನೆ ಒದಗಿಸಿತು. ಓದಿದ್ದು ಮತ್ತೆ ಸುತ್ತುವಂತೆ ಮಾಡಿತು. ಹೀಗೆ ನೋಡಿದರೆ ಅವರು ನೂರು ವಿಷಯಗಳ ಮೇಲೆ ಬರೆದರು ಎನ್ನುವುದಕ್ಕಿಂತ, ‘ನಾನು ಬದುಕುತ್ತಿರುವ ಈ ಲೋಕ ಎಂಥದು?’ ಎಂಬ ಒಂದೇ ಪ್ರಶ್ನೆಯನ್ನು ನೂರು ಕಡೆಯಿಂದ ಕೇಳಿದರು ಎನ್ನುವುದು ಸರಿಯಾದೀತು.

ಅಧ್ಯಾಪಕನಾಗಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ‘ಬಾಲ ಪ್ರಪಂಚ’. ಇದು 1930ರ ದಶಕದ ಸಾಹಸ. ಇಂಗ್ಲಿಷಿನಲ್ಲಿ ಅಷ್ಟರೊಳಗೆ ಆರ್ಥರ್ ಮೀ ಅವರ ಮಕ್ಕಳ ವಿಶ್ವಕೋಶ ಮನೆಮಾತಾಗಿತ್ತು. 1908ರಿಂದ 1910ರ ತನಕ ಅದು ಕಂತುಗಳಲ್ಲಿ ಹೊರಬಂದಿತ್ತು. ಅಲ್ಲಿ ಸಂಪಾದಕನ ಬೆನ್ನಿಗೆ ಲೇಖಕರ ಒಂದು ತಂಡವೇ ಇತ್ತು. ಇಲ್ಲಿ ಪುತ್ತೂರಿನಲ್ಲಿ ಕುಳಿತ ಮೂವತ್ತರ ಹರೆಯದ ಒಬ್ಬ ಮನುಷ್ಯ ಒಬ್ಬನೇ ಬರೆಯುತ್ತಿದ್ದ. ಆಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಕಾರಂತರ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು. ಕನ್ನಡ ಓದಬಲ್ಲ ಮಗುವೊಂದು ನಕ್ಷತ್ರ, ಜ್ವಾಲಾಮುಖಿ, ಇರುವೆ, ಹಡಗು ಇವುಗಳ ಬಗ್ಗೆ ತಿಳಿಯಬೇಕಾದರೆ ಮೊದಲು ಇಂಗ್ಲಿಷ್ ಕಲಿಯಬೇಕು ಎಂಬ ಸ್ಥಿತಿಯನ್ನು ಅವರು ಒಪ್ಪಲಿಲ್ಲ. ಆ ಅಸಮ್ಮತಿಯೇ ಮೂರು ಸಂಪುಟಗಳಾಯಿತು.

ನಾನು ಕೆಲಸ ಮಾಡಿದ ಶಾಲೆಯೊಂದರ ಗ್ರಂಥಾಲಯದಲ್ಲಿ, ಬೀಗ ತುಕ್ಕು ಹಿಡಿದ ಮರದ ಬೀರುವಿನಲ್ಲಿ ಇಂತಹ ಹಳೆಯ ಸಂಪುಟಗಳಿದ್ದವು. ಮಳೆಗಾಲದಲ್ಲಿ ಆಟದ ಪೀರಿಯಡ್ ರದ್ದಾದ ದಿನಗಳಲ್ಲಿ ಅವನ್ನು ತೆಗೆದು ಓದಿಸುತ್ತಿದ್ದೆ. ಪಾಠವೆಂದರೆ ತೂಕಡಿಸುವ ಹುಡುಗರೂ ಕಿವಿ ನಿಮಿರಿಸಿ ಕೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕಾರಣ ಸರಳ. ಪಠ್ಯಪುಸ್ತಕ ಉತ್ತರವನ್ನು ಕೊಡುತ್ತಿತ್ತು. ಆ ಪುಸ್ತಕ ಮಾತನಾಡುತ್ತಿತ್ತು. ತಿಳಿದವನೊಬ್ಬ ಪಕ್ಕದಲ್ಲಿ ಕುಳಿತು, ‘ನೋಡು ಮಗು, ಇದು ಹೀಗೆ’ ಎನ್ನುವ ಧ್ವನಿ ಅದರಲ್ಲಿತ್ತು.

ಸಮಿತಿಗಳು ಸಿದ್ಧಪಡಿಸುವ ವಿಶ್ವಕೋಶಗಳನ್ನು ನಾನು ಕೀಳುಗಳೆಯುತ್ತಿಲ್ಲ. ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ ಏಳು ಸಂಪುಟಗಳಾಗಿ ಬಂದ ‘ಜ್ಞಾನಗಂಗೋತ್ರಿ’, ಮೈಸೂರು ವಿಶ್ವವಿದ್ಯಾನಿಲಯ 1969ರಿಂದ ಹೊರತಂದ ‘ಕನ್ನಡ ವಿಶ್ವಕೋಶ’ ಇವೆರಡೂ ಕನ್ನಡದ ದೊಡ್ಡ ಆಸ್ತಿಗಳು. ವಿಷಯದ ನಿಖರತೆಗೆ ತಜ್ಞರ ಗುಂಪೇ ಮೇಲು. ಆದರೆ ಲೋಕದ ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ಅರಿವು ಮಗುವಿಗೆ ಬರಬೇಕಾದರೆ, ಅವೆಲ್ಲವೂ ಒಂದು ತಲೆಯಲ್ಲಿ ಹಾದು, ಒಂದು ಬಾಯಿಯಿಂದ ಬರಬೇಕು. ಅಡುಗೆಗೆ ಹತ್ತು ಜನ ತರಕಾರಿ ಹೆಚ್ಚಬಹುದು. ಉಪ್ಪು ನೋಡುವ ನಾಲಿಗೆ ಒಂದೇ ಇರಬೇಕು.

ಇದು ಪರದೇಶದಿಂದ ತಂದ ಆದರ್ಶವೂ ಅಲ್ಲ. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ವೆಂಬ ಗ್ರಂಥ ರಚಿಸಿದ. ಅಂತರ್ಜಲ ಶೋಧನೆ, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯ, ವೈದ್ಯ, ಶಕುನ ಎಲ್ಲವೂ ಅದರಲ್ಲಿ ಸೇರಿವೆ. ಜನರಿಗೆ ಉಪಕಾರವಾಗುವುದೇ ಅದರ ಗುರಿಯೆಂಬುದನ್ನು ಹೆಸರೇ ಸಾರುತ್ತದೆ. ಸಾವಿರ ವರ್ಷಗಳ ಹಿಂದೆಯೇ ಬಾವಿ ತೋಡುವುದನ್ನೂ ಸಾರು ಮಾಡುವುದನ್ನೂ ಬರೆಯಬಲ್ಲ ಭಾಷೆಯಾಗಿದ್ದ ಕನ್ನಡ, ಇಂದು ಕಥೆ ಕವಿತೆಗಳಿಗೆ ಮಾತ್ರ ಸಾಕೆಂದು ನಾವೇ ತೀರ್ಮಾನಿಸಿದರೆ ಅದಕ್ಕಿಂತ ದೊಡ್ಡ ನಷ್ಟ ಯಾವುದು?

‘ಆದರೆ ಮಾಸ್ತರೇ, ಆ ಪುಸ್ತಕಗಳಲ್ಲಿಯ ವಿಜ್ಞಾನ ಹಳತಾಯಿತಲ್ಲ’ ಎಂದು ನೀವು ಕೇಳಬಹುದು. ಹಳತಾಗಿರುವುದು ನಿಜ. ‘ಬಾಲ ಪ್ರಪಂಚ’ ಬಂದಾಗ ಮೊದಲ ಕೃತಕ ಉಪಗ್ರಹ ಮೇಲೇರಲು ಇನ್ನೂ ಎರಡು ದಶಕಗಳಿದ್ದವು. ಅದು ನಡೆದದ್ದು 1957ರಲ್ಲಿ. ಡಿಎನ್‌ಎಯ ರಚನೆ ಬೆಳಕಿಗೆ ಬಂದದ್ದು 1953ರಲ್ಲಿ. 1930ರಲ್ಲಿ ಕಂಡುಹಿಡಿಯಲಾದ ಪ್ಲೂಟೋ ಗ್ರಹಗಳ ಸಾಲಿನಿಂದ 2006ರಲ್ಲಿ ಕೆಳಗಿಳಿಯಿತು. ಹಾಗಾಗಿ ಆ ಸಂಪುಟಗಳನ್ನು ಇಂದಿನ ಮಗುವಿನ ಕೈಗೆ ಪಠ್ಯವೆಂದು ಕೊಡಿ ಎಂದು ನಾನು ಹೇಳಲಾರೆ. ತಿದ್ದಿ ಮುದ್ರಿಸೋಣವೆಂದರೆ ಅದೂ ಸುಲಭವಲ್ಲ. ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕನ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ, ಅಂದರೆ ಕಾರಂತರ ವಿಷಯದಲ್ಲಿ 2057ರ ಕೊನೆಯ ತನಕ. ಅಲ್ಲದೆ ಬೇರೆಯವರು ತಿದ್ದಿದ ಕಾರಂತರು ಕಾರಂತರಾಗಿಯೂ ಉಳಿಯುವುದಿಲ್ಲ. ವಿಜ್ಞಾನದ ಪುಸ್ತಕ ಹಳತಾಗುವುದು ಅದರ ಧರ್ಮ. ಹಳತಾದಾಗ ಹೊಸದನ್ನು ಬರೆಯುವವರು ಇರಬೇಕಾದದ್ದು ಭಾಷೆಯ ಧರ್ಮ. ನಮ್ಮ ಲೋಪವಿರುವುದು ಎರಡನೆಯದರಲ್ಲಿ.

ಇನ್ನೊಂದು ಮಾತು. ಒಂದೇ ಹೆಸರಿನ ಅಡಿಯಲ್ಲಿ ನೂರಾರು ಪುಸ್ತಕಗಳು ಬರುವುದು ಇಂದು ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ಬರಹವನ್ನು ಯಂತ್ರವೇ ತಯಾರಿಸಿಕೊಡುವ ಕಾಲವಿದು. ಅಮೆಜಾನ್ ಸಂಸ್ಥೆ 2023ರ ಸೆಪ್ಟೆಂಬರಿನಲ್ಲಿ ತನ್ನ ಕಿಂಡಲ್ ಪ್ರಕಾಶನ ವಿಭಾಗದಲ್ಲಿ ಒಬ್ಬ ಲೇಖಕ ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕಗಳನ್ನು ಸೇರಿಸುವಂತಿಲ್ಲವೆಂಬ ಮಿತಿ ಹಾಕಬೇಕಾಯಿತು. ದಿನಕ್ಕೆ ಮೂರು! ಆ ಲೆಕ್ಕದಲ್ಲಿ ಕಾರಂತರ ಎಪ್ಪತ್ತು ವರ್ಷಗಳ ದುಡಿಮೆಯನ್ನು ಐದು ತಿಂಗಳೊಳಗೆ ಮುಗಿಸಬಹುದು. ಹಾಗಾದರೆ ಅವರ ನಾನೂರಕ್ಕೂ ಈ ನಾನೂರಕ್ಕೂ ವ್ಯತ್ಯಾಸವೇನು?

ವ್ಯತ್ಯಾಸ ಹೆಸರಿನಲ್ಲಿದೆ. ಪುಸ್ತಕದ ಮೇಲೆ ಹೆಸರು ಹಾಕುವುದೆಂದರೆ ಸಾಲಪತ್ರಕ್ಕೆ ರುಜು ಹಾಕಿದಂತೆ. ಕೇಳಿದವರಿಗೆ ಉತ್ತರ ಕೊಡುವ ಹೊಣೆ ಅದರೊಂದಿಗೆ ಬರುತ್ತದೆ. ಕಾರಂತರು ಆ ಹೊಣೆಯನ್ನು ಪುಟಗಳಾಚೆಗೂ ಹೊತ್ತರು. ಮಕ್ಕಳ ಶಿಕ್ಷಣದ ಬಗ್ಗೆ ಬರೆದವರು ಪುತ್ತೂರಿನ ಬಾಲವನದಲ್ಲಿ ಅದನ್ನು ಪ್ರಯೋಗಿಸಿಯೂ ನೋಡಿದರು. ಯಕ್ಷಗಾನದ ಬಗ್ಗೆ ಬರೆದವರು ಕಲಾವಿದರನ್ನು ಕೂಡಿಸಿಕೊಂಡು ಹೊಸ ಪ್ರಯೋಗಗಳನ್ನು ರಂಗಕ್ಕೆ ತಂದು ಟೀಕೆಯನ್ನೂ ಉಂಡರು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ, ಎಂಬತ್ತೇಳರ ಮುಪ್ಪಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಸೋತರು. ಸ್ಥಾವರ ನಿಂತಿತು, 2000ದಲ್ಲಿ ವಿದ್ಯುತ್ತನ್ನೂ ಕೊಟ್ಟಿತು. ಅವರ ನಿಲುವು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ; ನಿಮ್ಮಲ್ಲಿ ವಿದ್ಯುತ್ ಇಲಾಖೆಯಲ್ಲಿರುವವರು ನನ್ನೊಡನೆ ಜಗಳಕ್ಕೆ ಬರುವುದೂ ಬೇಡ. ನಾನು ಹೇಳಬಯಸುವುದು ಇಷ್ಟೇ: ತಾನು ಬರೆದದ್ದಕ್ಕಾಗಿ ಬಿಸಿಲಿನಲ್ಲಿ ನಿಂತು ಮತ ಕೇಳಬಲ್ಲ ಹೆಸರು ಅದಾಗಿತ್ತು.

ಈ ಪರಂಪರೆ ಪೂರ್ತಿ ಕಡಿದುಹೋಯಿತೆಂದೂ ಅಲ್ಲ. ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿಯವರು ಗಿಡಮರಗಳ ಬಗ್ಗೆ ಬರೆದ ‘ಹಸುರು ಹೊನ್ನು’ ಸಾಹಿತ್ಯವಾಗಿಯೇ ಮನ್ನಣೆ ಪಡೆಯಿತು. ಪೂರ್ಣಚಂದ್ರ ತೇಜಸ್ವಿಯವರು ಕಾರಂತರ ಜೀವನದೃಷ್ಟಿಯಿಂದ, ಬದುಕಿನ ಪ್ರಯೋಗಗಳಿಂದ ತಾವು ಪಡೆದದ್ದನ್ನು ಬಹಿರಂಗವಾಗಿಯೇ ನೆನೆದವರು. ‘ಕರ್ವಾಲೊ’ ಬರೆದ ಕೈಯೇ ಹಕ್ಕಿಗಳ ಪುಸ್ತಕವನ್ನೂ ‘ಮಿಲೆನಿಯಮ್’ ಮಾಲೆಯನ್ನೂ ಬರೆಯಿತು. ಅವರು 2007ರಲ್ಲಿ ತೀರಿಕೊಂಡ ಮೇಲೂ ಆ ಪುಸ್ತಕಗಳನ್ನು ಎಳೆಯರು ಬಯಸಿ ಓದುವುದನ್ನು ನಾನು ಕಂಡಿದ್ದೇನೆ. ಅಂದರೆ ಓದುಗರಿಲ್ಲವೆಂಬ ನೆಪ ನಿಲ್ಲುವುದಿಲ್ಲ.

ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ನನ್ನಲ್ಲಿ ಕಲಿತವರಲ್ಲಿ ವೈದ್ಯರಿದ್ದೀರಿ, ಇಂಜಿನಿಯರುಗಳಿದ್ದೀರಿ, ತೋಟ ನೋಡಿಕೊಳ್ಳುವವರಿದ್ದೀರಿ, ಬ್ಯಾಂಕಿನವರಿದ್ದೀರಿ, ಕಡಲಾಚೆ ನೆಲೆಸಿದವರೂ ಇದ್ದೀರಿ. ರಜೆಗೆ ಊರಿಗೆ ಬಂದಾಗ ನಿಮ್ಮ ಮಕ್ಕಳು, ಮೊಮ್ಮಕ್ಕಳು ನನ್ನೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ. ಊಟ, ಆಟ, ಹಬ್ಬದ ಮಾತೆಲ್ಲ ಕನ್ನಡದಲ್ಲಿಯೇ. ಮಳೆ ಹೇಗೆ ಬರುತ್ತದೆ ಎಂದು ಕೇಳಿದೊಡನೆ ನಾಲಿಗೆ ಇಂಗ್ಲಿಷಿಗೆ ಹೊರಳುತ್ತದೆ. ಇದು ಮಕ್ಕಳ ತಪ್ಪಲ್ಲ. ಪ್ರೀತಿಗೆ ಒಂದು ಭಾಷೆ, ತಿಳಿವಿಗೆ ಇನ್ನೊಂದು ಎಂದು ಅವರಿಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ನಮ್ಮ ಮನೆಯ ಕಪಾಟುಗಳೇ ಅದನ್ನು ಕಲಿಸಿವೆ. ಅಜ್ಜಿಯ ಭಾಷೆಯಲ್ಲಿ ತಿಳಿಯುವಂಥದ್ದೇನೂ ಇಲ್ಲವೆಂದು ಮಗುವಿಗೆ ಒಮ್ಮೆ ಅನಿಸಿಬಿಟ್ಟರೆ, ಆ ಭಾಷೆಯ ಮೇಲಿನ ಅದರ ಪ್ರೀತಿ ಎಷ್ಟು ಕಾಲ ಬಾಳೀತು?

ಆದ್ದರಿಂದ ನನ್ನ ಕೋರಿಕೆಗಳು ಎರಡು. ಮೊದಲನೆಯದು, ಕಾರಂತರ ಕಾದಂಬರಿಗಳ ಪಕ್ಕದಲ್ಲಿ ಅವರ ಬೇರೊಂದು ಪುಸ್ತಕವನ್ನೂ ತಂದಿಡಿ. ಯಕ್ಷಗಾನದ್ದೋ, ಪ್ರವಾಸದ್ದೋ, ಆತ್ಮಕಥೆಯಾದ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಆದರೂ ಸರಿ. ಎರಡನೆಯದು ಸ್ವಲ್ಪ ಕಷ್ಟದ್ದು. ನಿಮ್ಮ ಕಸುಬಿನಲ್ಲಿ ನೀವು ಕೈಯಾರೆ ಮಾಡಿ, ಕಣ್ಣಾರೆ ಕಂಡು ತಿಳಿದದ್ದನ್ನು ಹತ್ತು ವರ್ಷದ ಮಗುವಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಹತ್ತು ಪುಟ ಬರೆಯಿರಿ. ಹೃದಯ ಹೇಗೆ ಬಡಿಯುತ್ತದೆ, ಸೇತುವೆ ಹೇಗೆ ನಿಲ್ಲುತ್ತದೆ, ಅಡಿಕೆಗೆ ಕೊಳೆರೋಗ ಏಕೆ ಬರುತ್ತದೆ, ಬಡ್ಡಿಯ ಲೆಕ್ಕ ಏನು. ಪದ ಸಿಗದಿದ್ದರೆ ಇಂಗ್ಲಿಷಿನದನ್ನೇ ಕನ್ನಡದ ಅಕ್ಷರದಲ್ಲಿ ಬರೆದು ಮುಂದೆ ಸಾಗಿ. ವ್ಯಾಕರಣವನ್ನು ತಿದ್ದಿಕೊಡಲು ನಿಮ್ಮ ಹಳೆಯ ಮಾಸ್ತರು ಕೆಂಪು ಶಾಯಿಯ ಪೆನ್ನಿನೊಂದಿಗೆ ಇನ್ನೂ ಇದ್ದಾನೆ.

ನಾನೂರು ಪುಸ್ತಕಗಳನ್ನು ಬರೆಯುವ ಒಬ್ಬರು ಮತ್ತೆ ಹುಟ್ಟಲಿ ಎಂದು ಕಾಯುವುದಕ್ಕಿಂತ, ನಾನೂರು ಮಂದಿ ಒಂದೊಂದು ಸಣ್ಣ ಪುಸ್ತಕ ಬರೆಯುವುದು ಆಗುವ ಮಾತು. ಬರೆದ ಮೇಲೆ ಮೇಲುಗಡೆ ನಿಮ್ಮ ಹೆಸರನ್ನು ತಪ್ಪದೆ ಹಾಕಿ. ಮಗು ಓದಿ ಮರುಪ್ರಶ್ನೆ ಕೇಳಿದರೆ ಉತ್ತರ ಹೇಳುವವರು ಯಾರೆಂದು ಅದಕ್ಕೆ ತಿಳಿದಿರಬೇಕು.